ದನಿ ಬೇಡದ ಮರ

ಮೈಸೂರಿನ ಒಂದು ಪ್ಲೈವುಡ್ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಎಂಟಡಿ ನಾಲ್ಕಡಿಯ ಹಲಗೆಗಳ ಸಾಲಿನ ಮುಂದೆ, ನನ್ನೊಡನೆ ಬಂದಿದ್ದ ಆಚಾರ್ರು ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯನ್ನು ಓರೆಮಾಡಿ ಆಲಿಸುತ್ತ ನಡೆದರು. ತಾತಂದಿರ ಕಾಲದಲ್ಲಿ ಅವರ ಮನೆಯಲ್ಲಿ ವೀಣೆಯ ಕೊಡ ಕೊರೆಯುವ ಕೆಲಸ ನಡೆಯುತ್ತಿತ್ತಂತೆ. ಈಗ ಅವರು ಬಾಗಿಲು, ಕಿಟಕಿ, ದೇವರ ಮಂಟಪಗಳಿಂದ ಜೀವನ ಸಾಗಿಸುತ್ತಿದ್ದರೂ, ಮರವನ್ನು ತಟ್ಟಿ ಅದರ ದನಿಯಿಂದ ಅದರ ಯೋಗ್ಯತೆಯನ್ನು ಅಳೆಯುವ ವಂಶದ ಅಭ್ಯಾಸವು ಅವರ ಕೈಯನ್ನು ಬಿಟ್ಟಿಲ್ಲ. ಸಾಲಿನ ಕೊನೆಯಲ್ಲಿದ್ದ ಎಂ.ಡಿ.ಎಫ್. ಹಲಗೆಯ ಬಳಿಗೆ ಬಂದು, ಎರಡು ಬಾರಿ ತಟ್ಟಿ, ತಲೆಯಾಡಿಸಿ, “ಇದು ಬೇಡಿ ಸ್ವಾಮಿ, ಸತ್ತ ಹಲಗೆ. ಎಷ್ಟು ತಟ್ಟಿದರೂ ದನಿಯೇ ಏಳೋದಿಲ್ಲ” ಎಂದರು. “ನನಗೆ ಬೇಕಾದದ್ದು ಅದೇ, ಆಚಾರ್ರೇ” ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆ ನೋಟದಲ್ಲಿದ್ದ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿಯೇ ಮುಂದಿನ ಐದು ತಿಂಗಳುಗಳು ಕಳೆದುವು.

ಮನೆಯ ನಡುಮನೆಯಲ್ಲಿ ಒಂದು ಸಣ್ಣ ಹೋಮ್ ಥಿಯೇಟರನ್ನು ಸಿದ್ಧಪಡಿಸಬೇಕು, ಅದರ ಸ್ಪೀಕರ್ ಪೆಟ್ಟಿಗೆಗಳನ್ನು ಅಂಗಡಿಯಿಂದ ತರದೆ ನಾವೇ ಮಾಡಿಕೊಳ್ಳಬೇಕು ಎಂಬ ಸಂಕಲ್ಪದಿಂದ ಹೊರಟವನಿಗೆ ಮೊದಲು ಮನಗಾಣಬೇಕಾಗುವ ತತ್ತ್ವವೆಂದರೆ ಇದು: ವಾದ್ಯದ ಮರವು ಹಾಡಬೇಕು, ಸ್ಪೀಕರಿನ ಮರವು ಹಾಡಕೂಡದು. ವೀಣೆಯ ಕೊಡವನ್ನು ವರ್ಷಗಟ್ಟಲೆ ಒಣಗಿಸಿದ ಹಲಸಿನ ಮರದಿಂದ ಕೊರೆದು, ಅದರ ಮೇಲ್ಹಲಗೆಯನ್ನು ತೆಳುವಾಗಿಸುವ ಕುಶಲಿಯು, ತಂತಿಯ ಕ್ಷೀಣವಾದ ಕಂಪನವನ್ನು ಮರವು ತನ್ನದಾಗಿ ಮಾಡಿಕೊಂಡು ತನ್ನ ವರ್ಣವನ್ನು ಅದಕ್ಕೆ ಬಳಿಯಲಿ ಎಂದು ಆಶಿಸುತ್ತಾನೆ. ಆದರೆ ಸ್ಪೀಕರಿನ ಪೆಟ್ಟಿಗೆಗೆ ಬಂದು ಸೇರುವುದು ಹಾಗೆ ಹಾಡಿ ಮುಗಿದಿರುವ ನಾದ. ವೀಣೆಯ ಹಲಸು, ಪಿಟೀಲಿನ ಮೇಪಲ್, ಗಾಯಕಿಯ ಎದೆ, ಇವು ಕೊಟ್ಟ ವರ್ಣವೆಲ್ಲವೂ ಅದರಲ್ಲಿ ಆಗಲೇ ಸೇರಿಹೋಗಿದೆ. ಅದರ ಮೇಲೆ ಪೆಟ್ಟಿಗೆಯು ತನ್ನ ದನಿಯನ್ನೂ ಕೂಡಿಸಿದರೆ ಎಲ್ಲ ವಾದ್ಯಗಳಿಗೂ ಒಂದೇ ಬಣ್ಣ ಬಳಿದಂತಾಗುತ್ತದೆ.

ಹಾಗಾದರೆ ಪೆಟ್ಟಿಗೆಯಾದರೂ ಏತಕ್ಕೆ? ಇದನ್ನು ನಾನು ಆಚಾರ್ರಿಗೆ ಮಾತಿನಿಂದ ವಿವರಿಸಲಾರದೆ, ಪ್ರತ್ಯಕ್ಷವಾಗಿ ತೋರಿಸಿದೆ. ಆರೂವರೆ ಅಂಗುಲದ ಒಂದು ಸ್ಪೀಕರನ್ನು ಬರಿದಾಗಿ ಮೇಜಿನ ಮೇಲಿಟ್ಟು ಒಂದು ಕಛೇರಿಯ ಧ್ವನಿಮುದ್ರಣವನ್ನು ಹಾಕಿದಾಗ, ಗಾಯನವೂ ಪಿಟೀಲೂ ಕೇಳಿಸಿದುವು; ಮೃದಂಗದ ಬಲಮುಖದ ಮೊಳಗೂ ಕೇಳಿಸಿತು; ಎಡಮುಖದ ಗುಮ್ಮೆನ್ನುವ ನಾದ ಮಾತ್ರ ಎಲ್ಲಿಯೋ ಕರಗಿಹೋಯಿತು. ಕಾಗದದ ಶಂಕುವು ಮುಂದಕ್ಕೆ ಚಲಿಸಿದಾಗ ಮುಂಬದಿಯ ಗಾಳಿ ಒತ್ತರಿಸಲ್ಪಡುತ್ತದೆ, ಅದೇ ಕ್ಷಣದಲ್ಲಿ ಹಿಂಬದಿಯ ಗಾಳಿ ಸಡಿಲಗೊಳ್ಳುತ್ತದೆ; ಈ ಎರಡು ಅಲೆಗಳೂ ಶಂಕುವಿನ ಅಂಚನ್ನು ಬಳಸಿ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಸೆಕೆಂಡಿಗೆ ೫೦ ಕಂಪನಗಳ ಮಂದ್ರಧ್ವನಿಯ ಅಲೆಯು ಸುಮಾರು ೭ ಮೀಟರ್ ಉದ್ದವಿರುವುದರಿಂದ, ಅದಕ್ಕೆ ಒಂದು ಗೇಣಗಲದ ಶಂಕುವನ್ನು ಬಳಸಿ ಬರುವುದೆಂದರೆ ಏನೇನೂ ಶ್ರಮವಲ್ಲ. ಅದೇ ಸ್ಪೀಕರನ್ನು ರಂಧ್ರ ಕೊರೆದ ಒಂದು ದೊಡ್ಡ ರಟ್ಟಿಗೆ ಒತ್ತಿ ಹಿಡಿದೆ. ಮೃದಂಗದ ಎಡಮುಖವು ಎಲ್ಲಿಂದಲೋ ಎದ್ದು ಬಂದು ಕೋಣೆಯೊಳಗೆ ಕುಳಿತಿತು. ಆಚಾರ್ರು ರಟ್ಟನ್ನು ತಾವೇ ತೆಗೆದುಕೊಂಡು, ಒತ್ತಿ, ತೆಗೆದು, ಮತ್ತೆ ಒತ್ತಿ ನೋಡಿದರು. “ಹಿಂದಿನ ಗಾಳೀನ ಕಟ್ಟಿಹಾಕೋ ಕೆಲಸ ಅನ್ನಿ” ಎಂದರು. ಶಾಸ್ತ್ರಗ್ರಂಥಗಳಲ್ಲಿ ನಾನು ಓದಿದ ಯಾವ ನಿರೂಪಣೆಯೂ ಅದಕ್ಕಿಂತ ಸ್ಪಷ್ಟವಾಗಿರಲಿಲ್ಲ.

ಈ ಬಗೆಯ ಸ್ಪೀಕರಿಗೆ ನೂರು ವರ್ಷಗಳಾದುವು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ೧೯೨೫ರಲ್ಲಿ, ಅದುವರೆಗೆ ಬಳಕೆಯಲ್ಲಿದ್ದ ಕಹಳೆಯಾಕಾರದ ಬಾಯಿಯನ್ನು ಬಿಟ್ಟು, ಅಯಸ್ಕಾಂತದ ನಡುವೆ ಚಲಿಸುವ ತಂತಿಸುರುಳಿಗೆ ನೇರವಾಗಿ ಕಾಗದದ ಶಂಕುವನ್ನು ಜೋಡಿಸಿದ ಸ್ಪೀಕರಿನ ಶಾಸ್ತ್ರವನ್ನು ಪ್ರಕಟಿಸಿದರು. ಇಂದು ಮನೆಯ ಟಿ.ವಿ.ಯಿಂದ ಚಿತ್ರಮಂದಿರದವರೆಗೆ ನಾವು ಕೇಳುವ ಹೆಚ್ಚಿನ ಧ್ವನಿಯೆಲ್ಲವೂ ಆ ರಚನೆಯ ಸಂತತಿಯೇ. ಅದಾದ ಹತ್ತು ವರ್ಷಕ್ಕೆ, ೧೯೩೫ರಲ್ಲಿ, ನಮ್ಮ ಮೈಸೂರಿನಲ್ಲಿಯೇ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು; ಅದು ‘ಆಕಾಶವಾಣಿ’ ಎಂಬ ಹೆಸರನ್ನು ಪಡೆಯಿತು. ಆ ವಾಣಿಯು ನಮ್ಮ ಹಿರಿಯರ ಮನೆಗಳಿಗೆ ಬಂದಿಳಿದದ್ದು ಮರದ ಪೆಟ್ಟಿಗೆಯ ಮೂಲಕ. ಒಳಗಿನ ವಾಲ್ವುಗಳ ಬಿಸಿ ಹೊರಹೋಗಲೆಂದು ಬೆನ್ನನ್ನು ತೆರೆದಿಟ್ಟಿದ್ದ ಆ ತೆಳ್ಳನೆಯ ಪೆಟ್ಟಿಗೆಗಳು ಸ್ವಲ್ಪಮಟ್ಟಿಗೆ ವಾದ್ಯಗಳೇ ಆಗಿದ್ದುವು: ವಾರ್ತೆ ಓದುವವರ ಕಂಠಕ್ಕೂ ಹಾಡುವವರ ಕಂಠಕ್ಕೂ ಒಂದೇ ಬಗೆಯ ದುಂಡಗಿನ ಗಂಭೀರತೆಯನ್ನು ಅವು ದಾನಮಾಡುತ್ತಿದ್ದುವು. ಆ ಧ್ವನಿಯಲ್ಲಿ ಬಾಲ್ಯವನ್ನು ಕಳೆದ ನನಗೆ ಅದರ ಮೇಲೆ ಇಂದಿಗೂ ಮಮತೆಯುಂಟು. ಆದರೆ ಅದು ಪೆಟ್ಟಿಗೆಯ ಧ್ವನಿ, ಗಾಯಕರದಲ್ಲ ಎಂಬುದು ತಿಳಿದ ಮೇಲೆ, ಗಾಯಕರ ನಿಜವಾದ ಕಂಠ ಹೇಗಿದ್ದಿರಬಹುದೆಂಬ ಕುತೂಹಲವನ್ನು ತಡೆಯುವುದು ಸಾಧ್ಯವಾಗಲಿಲ್ಲ.

ಹಿಂಬದಿಯ ಗಾಳಿಯನ್ನು ಕಟ್ಟಿಹಾಕುವುದರಲ್ಲಿ ಎರಡು ಸಂಪ್ರದಾಯಗಳುಂಟು. ಪೆಟ್ಟಿಗೆಯನ್ನು ಪೂರ್ತಿಯಾಗಿ ಮುಚ್ಚಿ, ಒಳಗೆ ಸೆರೆಯಾದ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗಾಗಿ ಮಾಡಿಕೊಳ್ಳುವುದು ಒಂದು. ಎಡ್ಗರ್ ವಿಲ್ಚರ್ ೧೯೫೪ರಲ್ಲಿ ಅಮೆರಿಕದ ಕೇಂಬ್ರಿಜ್ ಪಟ್ಟಣದಲ್ಲಿ ಇದೇ ತತ್ತ್ವದಿಂದ ಪುಸ್ತಕದ ಕಪಾಟಿನಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆಯಿಂದ ಆಳವಾದ ಮಂದ್ರವನ್ನು ಹೊರಡಿಸಿದನು. ಪೆಟ್ಟಿಗೆಗೆ ಒಂದು ಕೊಳವೆಯ ಬಾಯಿಯನ್ನು ಬಿಟ್ಟು, ಖಾಲಿ ಸೀಸೆಯ ಬಾಯಿಗೆ ಊದಿದಾಗ ಹೂಂಕಾರವೇಳುವಂತೆ, ಹಿಂಬದಿಯ ಗಾಳಿಯನ್ನೇ ಒಂದು ನಿರ್ದಿಷ್ಟ ಶ್ರುತಿಯಲ್ಲಿ ದುಡಿಸಿಕೊಳ್ಳುವುದು ಇನ್ನೊಂದು. ಇದಕ್ಕೆ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಎಂಬಾತನು ೧೯೩೦ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಕೊಳವೆಯ ಅಳತೆಯು ಬಹುಕಾಲ ಊಹೆಯ ವಿಷಯವಾಗಿಯೇ ಉಳಿದಿತ್ತು. ಆಸ್ಟ್ರೇಲಿಯದ ನೆವಿಲ್ ಥೀಲ್ ೧೯೬೧ರಲ್ಲಿಯೂ, ಆತನ ತರುವಾಯ ರಿಚರ್ಡ್ ಸ್ಮಾಲ್ ೧೯೭೦ರ ದಶಕದ ಆದಿಯಲ್ಲಿಯೂ ಪ್ರಕಟಿಸಿದ ಲೆಕ್ಕಾಚಾರಗಳಿಂದ ಈ ವಿದ್ಯೆಯು ಗಣಿತದ ಅಧೀನಕ್ಕೆ ಬಂದಿತು. ಇಂದು ಯಾವ ಒಳ್ಳೆಯ ಸ್ಪೀಕರನ್ನು ಕೊಂಡರೂ ಅದರೊಡನೆ ಬರುವ ಕಾಗದದಲ್ಲಿ ಆ ಇಬ್ಬರ ಹೆಸರಿನ ಅಂಕಿಗಳಿರುತ್ತವೆ; ಅವುಗಳನ್ನು ಓದಬಲ್ಲವನಿಗೆ, ಆ ಸ್ಪೀಕರು ಎಷ್ಟು ದೊಡ್ಡ ಮನೆಯನ್ನು ಬೇಡುತ್ತದೆಂಬುದು ಮರವನ್ನು ಮುಟ್ಟುವ ಮೊದಲೇ ತಿಳಿಯುತ್ತದೆ.

ನನ್ನ ಸ್ಪೀಕರು ಬೇಡಿದ್ದು ೧೮ ಲೀಟರ್ ಗಾಳಿಯನ್ನು, ೪೫ ಹರ್ಟ್ಸ್ ಶ್ರುತಿಯನ್ನು. ಸ್ಪೀಕರಿನ ಮೈ, ಕೊಳವೆ, ಒಳಗಿನ ಅಡ್ಡಪಟ್ಟಿ ಇವುಗಳೇ ಸುಮಾರು ೨ ಲೀಟರನ್ನು ಆಕ್ರಮಿಸುವುದರಿಂದ ೨೦ ಲೀಟರಿನ ಪೆಟ್ಟಿಗೆಯನ್ನು ಮಾಡತಕ್ಕದ್ದು. ಅಗಲ ೨೧, ಎತ್ತರ ೩೬, ಆಳ ೨೬.೫ ಸೆಂಟಿಮೀಟರ್ ಎಂದು ಒಳ ಅಳತೆಗಳನ್ನು ನಿಶ್ಚಯಿಸಿದೆ. ಮೂರೂ ಬೇರೆಬೇರೆಯಾಗಿರುವುದು ಆಕಸ್ಮಿಕವಲ್ಲ: ಎದುರುಬದುರಾದ ಗೋಡೆಗಳ ನಡುವೆ ಅಲೆಯು ಹಿಂದುಮುಂದಾಗಿ ಚಲಿಸಿ ತನ್ನದೇ ಒಂದು ಸ್ವರವನ್ನು ಹಿಡಿಯುತ್ತದೆ. ೩೬ ಸೆಂಟಿಮೀಟರಿಗೆ ಆ ಸ್ವರ ಸುಮಾರು ೪೮೦ ಹರ್ಟ್ಸ್, ೨೬.೫ಕ್ಕೆ ೬೫೦, ೨೧ಕ್ಕೆ ೮೨೦. ಘನಾಕಾರದ ಪೆಟ್ಟಿಗೆಯಲ್ಲಿ ಈ ಮೂರೂ ಒಂದೇ ಆಗಿ, ಮೂವರು ಒಂದೇ ಸ್ವರವನ್ನು ಕೂಗಿದಂತೆ ಕಿವಿಗೆ ಹೊಡೆಯುತ್ತವೆ. ಕೊಳವೆಯ ವ್ಯಾಸ ೫ ಸೆಂಟಿಮೀಟರ್, ಉದ್ದ ೧೨.೫. ಈ ಅಂಕಿಗಳನ್ನು ಬರೆದಿದ್ದ ಹಾಳೆಯನ್ನು ಆಚಾರ್ರು ತಮ್ಮ ಉಳಿ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿಕೊಂಡರು. ಅದು ಈಗಲೂ ಅಲ್ಲಿದೆ.

ಹೋಮ್ ಥಿಯೇಟರಿಗೆ ಐದು ಪೆಟ್ಟಿಗೆಗಳೂ ಮಂದ್ರಕ್ಕೆ ಮೀಸಲಾದ ಆರನೆಯದೊಂದೂ ಬೇಕು. ಮುಂದೆ ಎಡಬಲಗಳಲ್ಲಿ ಒಂದೊಂದು, ನಡುವೆ ಒಂದು, ಕೇಳುಗನ ಪಕ್ಕಗಳಿಂದ ತುಸು ಹಿಂದಕ್ಕೆ ಎರಡು. ಇವುಗಳೊಳಗೆ ನಡುವಿನದನ್ನು ಜನ ಅಲಕ್ಷಿಸಿ, ಟಿ.ವಿ.ಯ ಕೆಳಗೆ ತೂರುವಂಥ ಒಂದು ಚಿಕ್ಕ ಡಬ್ಬಿಯಿಂದ ತೃಪ್ತರಾಗುತ್ತಾರೆ. ಇದು ತಪ್ಪೆಂದು ನಾನು ದೃಢವಾಗಿ ನಂಬಿದ್ದೇನೆ. ೧೯೩೩ರ ಏಪ್ರಿಲ್ ತಿಂಗಳಲ್ಲಿ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ಆತನ ಸಂಗಡಿಗರು ಫಿಲಡೆಲ್ಫಿಯದಲ್ಲಿ ನುಡಿಯುತ್ತಿದ್ದ ವಾದ್ಯಗೋಷ್ಠಿಯನ್ನು ದೂರವಾಣಿಯ ತಂತಿಗಳ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ತಲುಪಿಸಿದಾಗ, ಗೋಷ್ಠಿಯ ನಿರ್ದೇಶಕನಾದ ಸ್ಟೊಕೋವ್ಸ್ಕಿಯು ತಾನು ಅಲ್ಲಿಯೇ ವಾಷಿಂಗ್ಟನ್ನಿನಲ್ಲಿ ಕುಳಿತು ಧ್ವನಿಯ ಏರಿಳಿತವನ್ನು ನಿಯಂತ್ರಿಸಿದನು. ಅಂದು ವೇದಿಕೆಯ ಮೇಲಿದ್ದ ಧ್ವನಿಮಾರ್ಗಗಳು ಎರಡಲ್ಲ, ಮೂರು. ನಡುವಿನ ದನಿಯಿಲ್ಲದಿದ್ದರೆ ವೇದಿಕೆಯ ಮಧ್ಯಭಾಗವು ಟೊಳ್ಳಾಗುವುದೆಂಬುದನ್ನು ಅವರು ಅಂದೇ ಅರಿತಿದ್ದರು. ಚಲಚ್ಚಿತ್ರದಲ್ಲಿ ಸಂಭಾಷಣೆಯ ಬಹುಭಾಗ ಬರುವುದು ನಡುವಿನಿಂದಲೇ. ಅದಲ್ಲದೆ, ನಮ್ಮ ಮನೆಯಲ್ಲಿ ಅತ್ಯಂತ ಹೆಚ್ಚಾಗಿ ನೋಡುವುದು ಡಾ. ರಾಜ್‌ಕುಮಾರರ ಹಳೆಯ ಚಿತ್ರಗಳನ್ನು. ಒಂದೇ ಧ್ವನಿಪಥದ ಆ ಕಾಲದ ಚಿತ್ರಗಳನ್ನು ಸರಿಯಾಗಿ ನಡೆಸಿದರೆ ನಾಯಕನ ಮಾತು, ಹಾಡು, ಗಾಡಿಯ ಗೆಜ್ಜೆ, ಮಳೆ ಎಲ್ಲವೂ ಆ ಒಂದೇ ಪೆಟ್ಟಿಗೆಯ ಮೂಲಕ ಬರತಕ್ಕವು. ಆದುದರಿಂದ ಮುಂದಿನ ಮೂರನ್ನೂ ಒಂದೇ ಅಳತೆಯಲ್ಲಿ, ಒಂದೇ ಸ್ಪೀಕರುಗಳಿಂದ ಮಾಡಿದೆವು, ಟಿ.ವಿ.ಯನ್ನೇ ಗೋಡೆಯ ಮೇಲಕ್ಕೆ ಒಂದು ಗೇಣು ಏರಿಸಲಾಯಿತು.

ಮರದ ಆಯ್ಕೆಯಲ್ಲಿ ಆಚಾರ್ರಿಗೂ ನನಗೂ ನಡೆದ ವಾದವು ದೀರ್ಘವಾದದ್ದು. ಅವರಲ್ಲಿ ಹಳೆಯ ಮನೆಯೊಂದನ್ನು ಕೆಡವಿದಾಗ ಬಂದ ತೇಗದ ತೊಲೆಗಳಿದ್ದುವು. ಅಂಥ ಮರವನ್ನು ಬಿಟ್ಟು, ಮರದ ನಾರನ್ನು ಪುಡಿಮಾಡಿ ಅಂಟಿನಲ್ಲಿ ಕಲಸಿ ಒತ್ತಿದ ಹಲಗೆಗೆ ಕೈಯೊಡ್ಡುವುದು ಅವರಿಗೆ ಅಪಮಾನವಾಗಿ ತೋರಿತು. ತೇಗವಾಗಲಿ ಬೀಟೆಯಾಗಲಿ ಋತುವಿನೊಡನೆ ಉಸಿರಾಡುತ್ತದೆ: ಮಳೆಗಾಲದಲ್ಲಿ ತೇವವನ್ನು ಹೀರಿ ನಾರಿನ ಅಡ್ಡಕ್ಕೆ ಉಬ್ಬುತ್ತದೆ, ಶಿವರಾತ್ರಿಯ ಹೊತ್ತಿಗೆ ಕುಗ್ಗುತ್ತದೆ. ಬಾಗಿಲಿಗೆ ಇದು ಕ್ಷಮ್ಯ. ಗಾಳಿ ಸುಳಿಯದಂತೆ ಬೆಸೆಯಬೇಕಾದ ಪೆಟ್ಟಿಗೆಗೆ ಅಲ್ಲ. ಎಂ.ಡಿ.ಎಫ್.ನಲ್ಲಿ ನಾರಿಗೆ ದಿಕ್ಕೇ ಇಲ್ಲ. ಅದು ಎಲ್ಲ ಕಡೆಗೂ ಸಮನಾಗಿರುತ್ತದೆ, ಬಾಗುವುದಿಲ್ಲ, ಹೊಡೆದರೆ ಮೊಳಗುವುದಿಲ್ಲ. ಅದರ ಶತ್ರು ನೀರು. ಒದ್ದೆಯಾದ ಅಂಚು ಹೊಟ್ಟೆಯುಬ್ಬರಿಸಿ ಮತ್ತೆ ಇಳಿಯದು. ಕರಾವಳಿಯಲ್ಲಿಯೋ ಮಲೆನಾಡಿನಲ್ಲಿಯೋ ಇದ್ದಿದ್ದರೆ ನಾನು ನಿಸ್ಸಂದೇಹವಾಗಿ ಮರೈನ್ ಪ್ಲೈವುಡ್ಡನ್ನೇ ಆರಿಸುತ್ತಿದ್ದೆ. ಪ್ಲೈವುಡ್ಡನ್ನು ಹಗುರವಾಗಿ ಕಾಣತಕ್ಕದ್ದೂ ಅಲ್ಲ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯ ಸಂಶೋಧಕರು ೧೯೭೦ರ ದಶಕದಲ್ಲಿ ತಮ್ಮ ಸ್ಟುಡಿಯೋಗಳಿಗಾಗಿ ರೂಪಿಸಿದ ಪುಟ್ಟ ಸ್ಪೀಕರುಗಳು ತೆಳುವಾದ ಬರ್ಚ್ ಪ್ಲೈವುಡ್ಡಿನವು. ಒಳಮೈಗೆ ಡಾಂಬರಿನಂಥ ಭಾರವಾದ ಹಾಳೆಯನ್ನು ಅಂಟಿಸಿ, ಹಲಗೆಯ ಅನುರಣನವನ್ನು ಕಿವಿಗೆ ಅಷ್ಟಾಗಿ ಬಾಧಿಸದ ಕೆಳಗಿನ ಸ್ವರಗಳಿಗೆ ತಳ್ಳಿ, ಅಲ್ಲಿ ಅದನ್ನು ಅಡಗಿಸುವುದು ಅವರ ಮಾರ್ಗವಾಗಿತ್ತು. ನಾವು ಅನುಸರಿಸಿದ್ದು ಇನ್ನೊಂದು ಮಾರ್ಗವನ್ನು: ಹಲಗೆಯನ್ನು ದಪ್ಪವಾಗಿಸಿ, ಅಡ್ಡಪಟ್ಟಿಗಳಿಂದ ಬಿಗಿದು, ಅನುರಣನವನ್ನು ಮೇಲಕ್ಕೆ ಅಟ್ಟುವುದು. ದಪ್ಪವು ಇಮ್ಮಡಿಯಾದರೆ ಹಲಗೆಯ ಬಿಗುಪು ಎಂಟುಪಟ್ಟಾಗುತ್ತದೆ ಎಂಬ ಲೆಕ್ಕವನ್ನು ಹೇಳಿದಾಗ, ಆಚಾರ್ರು, ಅದು ತಮ್ಮ ತಂದೆಗೂ ಗೊತ್ತಿತ್ತು, ಆದರೆ ಹೀಗೆ ಎಂಟು ಎಂದು ಎಣಿಸಿರಲಿಲ್ಲ ಎಂದರು. ತೇಗದ ತೊಲೆಗಳು ವ್ಯರ್ಥವಾಗಲಿಲ್ಲ. ಅವುಗಳಿಂದ ಪೆಟ್ಟಿಗೆಗಳ ಪೀಠಗಳಾದುವು.

೧೮ ಮಿಲಿಮೀಟರಿನ ಒಂದು ಹಲಗೆಯು ನಲವತ್ತು ಕಿಲೋಗ್ರಾಮಿನಷ್ಟು ತೂಗುತ್ತದೆ. ಮೂರು ಹಲಗೆಗಳನ್ನು ಅಂಗಡಿಯಲ್ಲಿಯೇ ಯಂತ್ರದ ಗರಗಸದಿಂದ ಅಳತೆಗೆ ಕೊಯ್ಯಿಸಿಕೊಂಡೆವು. ಒಮ್ಮೆ ಹೊಂದಿಸಿದ ಗರಗಸವನ್ನು ಕದಲಿಸದೆ ಒಂದೇ ಅಳತೆಯ ತುಂಡುಗಳನ್ನೆಲ್ಲ ಒಟ್ಟಿಗೆ ಕೊಯ್ಯಿಸಬೇಕು, ಏಕೆಂದರೆ ಎದುರುಬದುರಿನ ಎರಡು ಹಲಗೆಗಳು ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ನಾಲ್ಕನೆಯ ಮೂಲೆಯಲ್ಲಿ ಬೆಳಕು ಇಣುಕುತ್ತದೆ. ಮನೆಯಲ್ಲಿ ಈ ಹಲಗೆಯನ್ನು ಕೊಯ್ಯುವವರು ಮೂಗುಬಾಯಿಗಳಿಗೆ ಒಳ್ಳೆಯ ಮಾಸ್ಕನ್ನು ಕಟ್ಟಿಕೊಳ್ಳದೆ ಕೂಡದು. ಅದರ ಪುಡಿಯು ಹಿಟ್ಟಿಗಿಂತ ನುಣುಪು, ಅದರಲ್ಲಿರುವ ಫಾರ್ಮಾಲ್ಡಿಹೈಡ್ ಅಂಟು ಶ್ವಾಸಕೋಶಕ್ಕೆ ಕೇಡು.

ಜೋಡಣೆಯಲ್ಲಿ ಆಚಾರ್ರು ನನಗೆ ಗುರುವಾದರು. ಅಂಟು ಎಂಬುದು ಹಲಗೆಯ ಅಂಚಿನಲ್ಲಿ ಮಣಿಮಣಿಯಾಗಿ ಹೊರಹೊಮ್ಮಬೇಕು, ಹೊಮ್ಮದಿದ್ದಲ್ಲಿ ಒಳಗೆ ಬರ ಎಂದರ್ಥ. ಕ್ಲಾಂಪಿನ ಬಿಗಿತವು ಅಂಟನ್ನೆಲ್ಲ ಹಿಂಡಿಬಿಡುವಷ್ಟಿರಕೂಡದು. ನಾಲ್ಕು ಹಲಗೆ ನಿಂತೊಡನೆ ಕರ್ಣಗಳೆರಡನ್ನೂ ಅಳೆಯಬೇಕು, ಸಮನಾಗಿದ್ದರೆ ಮೂಲೆಮಟ್ಟವೇ ಬೇಡ. ಕಾಯಿಸಿ ಹಚ್ಚುತ್ತಿದ್ದ ಮರವಜ್ರದ ವಾಸನೆಯಲ್ಲಿ ಬೆಳೆದ ಅವರು, ಈಗಿನ ಬಿಳಿಯ ಫೆವಿಕಾಲಿನ ಡಬ್ಬಿಯನ್ನು ತೆರೆಯುವಾಗಲೂ ಅದನ್ನೊಮ್ಮೆ ಮೂಸುವ ರೂಢಿಯನ್ನು ಬಿಟ್ಟಿರಲಿಲ್ಲ. ಒಳಗಿನ ಅಡ್ಡಪಟ್ಟಿಯನ್ನು ನಟ್ಟನಡುವೆ ಕೂಡಿಸದೆ ಸ್ವಲ್ಪ ಪಕ್ಕಕ್ಕೆ ಕೂಡಿಸಬೇಕೆಂದು ನಾನು ಹೇಳಿದಾಗ, ಅವರ ಕಣ್ಣಿಗೆ ಅದು ಓರೆಕೋರೆಯಾಗಿ ಕಂಡು ಕೈ ತಡೆಯಿತು. ನಡುವೆ ಕೂಡಿಸಿದರೆ ಇಬ್ಬದಿಯ ಹಲಗೆಯ ತುಂಡುಗಳೂ ಒಂದೇ ಸ್ವರದಲ್ಲಿ ಕಂಪಿಸುತ್ತವೆ, ಪಕ್ಕಕ್ಕೆ ಸರಿಸಿದರೆ ಒಂದರ ಸ್ವರವನ್ನು ಇನ್ನೊಂದು ಅನುಮೋದಿಸದು ಎಂದ ಮೇಲೆ ಒಪ್ಪಿದರು. ಮರದ ಕೆಲಸದಲ್ಲಿ ಸಮತೆಯನ್ನೇ ಜೀವಮಾನವೆಲ್ಲ ಸಾಧಿಸಿದ ಕೈಯಿಂದ ಬೇಕೆಂದೇ ಒಂದು ಅಸಮತೆಯನ್ನು ಮಾಡಿಸುವುದು ನನಗೂ ಸಂಕೋಚವನ್ನುಂಟುಮಾಡಿತು.

ಆರು ಪೆಟ್ಟಿಗೆಗಳಲ್ಲಿ ಒಂದು ಮಾತ್ರ ನಮ್ಮನ್ನು ವಾರಗಟ್ಟಲೆ ಕಾಡಿಸಿತು. ಬಲಗಡೆಯ ಪೆಟ್ಟಿಗೆಯಲ್ಲಿ, ಆರ್ಗನ್ನಿನ ಕೆಳಸ್ವರ ಬಂದಾಗಲೆಲ್ಲ ಬುಸ್ಸೆಂಬ ಒಂದು ಸಣ್ಣ ಉಸಿರು. ಸ್ಪೀಕರಿನ ದೋಷವಿರಬಹುದೆಂದು ಬದಲಿಸಿದೆವು, ಉಸಿರು ಹೋಗಲಿಲ್ಲ. ಕೊನೆಗೆ, ಸಂಜೆ ದೇವರ ಮುಂದೆ ಹಚ್ಚಿದ್ದ ಊದುಬತ್ತಿಯನ್ನು ಆಚಾರ್ರು ಕೈಗೆತ್ತಿಕೊಂಡು, ೬೦ ಹರ್ಟ್ಸಿನ ಒಂದೇ ಸ್ವರವನ್ನು ನನ್ನಿಂದ ಹಾಕಿಸಿ, ಅದರ ಹೊಗೆಯನ್ನು ಸಂದುಗಳ ಉದ್ದಕ್ಕೂ ಮೆಲ್ಲಗೆ ಒಯ್ದರು. ಹಿಂಬದಿಯ ಕೆಳಮೂಲೆಯಲ್ಲಿ, ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆಯು ಥಟ್ಟನೆ ನಡುಗತೊಡಗಿತು. ನಾನೊಬ್ಬನೇ ಇದ್ದಾಗ ಅಂಟಿಸಿದ್ದ ಸಂದು ಅದು. ಮಣಿಗಳು ಹೊಮ್ಮಿದುವೇ ಎಂದು ನೋಡದೆ ಕ್ಲಾಂಪು ಬಿಗಿದಿದ್ದೆ. ಒಳಗಿನಿಂದ ಅಂಟು ಮತ್ತು ಗರಗಸದ ಪುಡಿಯ ಮಿಶ್ರಣವನ್ನು ತುಂಬಿದ ಮೇಲೆ ಉಸಿರು ನಿಂತಿತು.

ಪೆಟ್ಟಿಗೆಯ ಒಳಗೋಡೆಗಳಿಗೆ ಉಣ್ಣೆಯ ದಪ್ಪನೆಯ ಪದರವನ್ನು ಹೊದಿಸಿ, ಕೊಳವೆಯ ಬಾಯಿಗೆ ಮಾತ್ರ ಅದು ಅಡ್ಡವಾಗದಂತೆ ಎಚ್ಚರ ವಹಿಸಿದೆವು. ಮೇಲಿನ ಸ್ವರಗಳನ್ನು ಸಣ್ಣ ಸ್ಪೀಕರಿಗೂ ಕೆಳಗಿನವನ್ನು ದೊಡ್ಡದಕ್ಕೂ ಹಂಚುವ ತಂತಿಸುರುಳಿ ಮತ್ತು ಕೆಪಾಸಿಟರುಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದದ್ದಾಯಿತು. ಅದು ಮತ್ತೊಂದು ಶಾಸ್ತ್ರ, ಮತ್ತೊಂದು ಲೇಖನಕ್ಕೆ ವಸ್ತು. ಮಂದ್ರದ ಆರನೆಯ ಪೆಟ್ಟಿಗೆಯು ಮೂಲೆಯಲ್ಲಿ ಕುಳಿತು ೮೦ ಹರ್ಟ್ಸಿನ ಕೆಳಗಿನ ಭಾರವನ್ನು ಹೊರುತ್ತದೆ. ಸಂಗೀತ ಕೇಳುವಾಗ ನಾನು ಅದನ್ನು ಆರಿಸಿಯೇ ಇಡುತ್ತೇನೆ.

ಮೆರುಗಿನ ಕೆಲಸಕ್ಕೆ ಬರುವ ಹೊತ್ತಿಗೆ ಆಚಾರ್ರ ಮುಖದಲ್ಲಿ ಮೊದಲ ಬಾರಿಗೆ ಗೆಲುವು ಕಾಣಿಸಿತು. ಅದುವರೆಗೆ ಮಾಡಿದ್ದೆಲ್ಲವೂ ಮರದ ಬಾಯಿಯನ್ನು ಮುಚ್ಚಿಸುವ ಕೆಲಸ. ಇನ್ನು ಮೇಲಿನದು ಅದಕ್ಕೆ ಒಂದು ಮುಖವನ್ನು ಕೊಡುವ ಕೆಲಸ. ಅರ್ಧ ಮಿಲಿಮೀಟರ್ ದಪ್ಪದ ಬೀಟೆಯ ವಿನೀರನ್ನು ತರಿಸಿದೆವು. ಹಲಗೆಗೂ ವಿನೀರಿಗೂ ಅಂಟನ್ನು ಬಳಿದು, ಪೂರ್ತಿ ಆರಗೊಟ್ಟು, ಅನಂತರ ಬಟ್ಟೆಯಿಸ್ತ್ರಿಯ ಬಿಸಿಯಿಂದ ಅದನ್ನು ಕರಗಿಸಿ ಒತ್ತುವ ವಿಧಾನವನ್ನು ನಾನು ಓದಿ ತಿಳಿದಿದ್ದೆ. ಆಚಾರ್ರು ಅದನ್ನು ಒಂದು ಚೂರಿನ ಮೇಲೆ ಪರೀಕ್ಷಿಸಿ, ಉಗುರಿನಿಂದ ಕೆರೆದು ನೋಡಿ, ಮೆಚ್ಚಿದರು. ವಿನೀರನ್ನು ಸುತ್ತುವ ಮೊದಲು ಮುಂಬದಿಯ ಚೂಪಾದ ಅಂಚುಗಳನ್ನು ರೌಟರಿನಿಂದ ದುಂಡಗೆ ಮಾಡಿದ್ದೆವು. ಇದು ಅಲಂಕಾರಕ್ಕಾಗಿ ಅಲ್ಲ. ಅಮೆರಿಕದ ಆರ್.ಸಿ.ಎ. ಸಂಸ್ಥೆಯ ಹ್ಯಾರಿ ಆಲ್ಸನ್ ೧೯೫೧ರಲ್ಲಿ ಗೋಳ, ಘನ, ಸ್ತಂಭ ಮೊದಲಾದ ಆಕೃತಿಗಳಲ್ಲೆಲ್ಲ ಒಂದೊಂದು ಸ್ಪೀಕರನ್ನು ಕೂಡಿಸಿ ಅಳೆದಾಗ, ಗೋಳದಿಂದ ಹೊರಟ ಧ್ವನಿಯು ಅತ್ಯಂತ ಸಮವಾಗಿಯೂ ಘನದಿಂದ ಹೊರಟದ್ದು ಬಹಳ ಏರುಪೇರಾಗಿಯೂ ಇದ್ದಿತು. ಚೂಪಾದ ಅಂಚನ್ನು ತಲುಪಿದ ಅಲೆ ಅಲ್ಲಿ ಮುರಿದು ಚೆದರುತ್ತದೆ. ಗೋಳಾಕಾರದ ಸ್ಪೀಕರನ್ನು ನಡುಮನೆಯಲ್ಲಿಡಲು ಮನೆಯವರು ಒಪ್ಪುವುದಿಲ್ಲವಾಗಿ, ಅಂಚನ್ನು ದುಂಡಗೆ ಮಾಡಿ ಆ ಗುಣದ ಒಂದು ಪಾಲನ್ನಾದರೂ ಪಡೆದೆವು.

ಮೆರುಗಿಗೆ ಈಗಿನ ಬಡಗಿಗಳು ಹೆಚ್ಚಾಗಿ ಬಳಸುವುದು ಪಿಯು ಪಾಲಿಶನ್ನೋ ಮೆಲಮೈನನ್ನೋ. ಅವು ಗಟ್ಟಿ, ಬೇಗ ಆರುತ್ತವೆ, ನೀರನ್ನು ತಡೆಯುತ್ತವೆ. ನಾನು ಅರಗನ್ನೇ ಹಿಡಿದೆ. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳಲ್ಲಿ ಒಂದು ಕಿರುಕೀಟವು ಸ್ರವಿಸುವ ಈ ದ್ರವ್ಯಕ್ಕೂ ಧ್ವನಿಗೂ ಇರುವ ನಂಟನ್ನು ನೆನೆದಾಗ ನನಗೆ ರೋಮಾಂಚವಾಗುತ್ತದೆ. ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದ ಗ್ರಾಮಫೋನು ತಟ್ಟೆಗಳನ್ನು ಅರಗಿನಿಂದಲೇ ಮಾಡುತ್ತಿದ್ದರು; ಜಗತ್ತಿನ ತಟ್ಟೆಗಳಿಗೆಲ್ಲ ಅರಗನ್ನು ಒದಗಿಸುತ್ತಿದ್ದ ದೇಶಗಳಲ್ಲಿ ಭಾರತವೇ ಮುಖ್ಯವಾದದ್ದು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ, ಆಕೆಯ ಕಂಠವು ಜನರ ಕೈಸೇರಿದ್ದು ಅರಗಿನ ತಟ್ಟೆಯ ಗೆರೆಗಳಲ್ಲಿ. ಆ ಗಾಯಕಿಯು ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವನ್ನು ಪಡೆದು, ೧೯೩೦ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲಿಯೇ ದೇಹವನ್ನು ಬಿಟ್ಟಳು. ಅದೇ ಅರಸರು ೧೯೩೭ರಲ್ಲಿ ಈ ಊರಿನಲ್ಲಿ ಅರಗಿನ ಮತ್ತು ಬಣ್ಣದ ಕಾರ್ಖಾನೆಯನ್ನು ಸ್ಥಾಪಿಸಿದರು. ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿಯು ಇಂದಿಗೂ ಬರುವುದು ಆ ಕಾರ್ಖಾನೆಯಿಂದ. ಇಂಥ ಊರಿನಲ್ಲಿ ಸ್ಪೀಕರಿನ ಪೆಟ್ಟಿಗೆಗೆ ಅರಗನ್ನಲ್ಲದೆ ಬೇರೆ ಏನನ್ನು ಹಚ್ಚಲಿ?

ಬೆಂಗಳೂರಿನ ದಾರಿಯಲ್ಲಿರುವ ಚನ್ನಪಟ್ಟಣದಲ್ಲಿ ಅರಗನ್ನು ಹಚ್ಚುವ ಕ್ರಮ ಬೇರೆ: ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಬಿಸಿಗೆ ಅದು ಕರಗಿ ಹತ್ತಿಕೊಳ್ಳುತ್ತದೆ, ಬಳಿಕ ಕೇದಗೆಯ ಗರಿಯನ್ನು ಒತ್ತಿ ಹಿಡಿದು ಕನ್ನಡಿಯ ಹೊಳಪನ್ನು ತರುತ್ತಾರೆ. ಚಪ್ಪಟೆಯ ಹಲಗೆಯನ್ನು ತಿರುಗಿಸುವಂತಿಲ್ಲ. ಅದಕ್ಕೆ ಅರಗು ಸ್ಪಿರಿಟ್ಟಿನಲ್ಲಿ ಕರಗಿ ಬರಬೇಕು. ಒಂದು ಲೀಟರಿಗೆ ೧೨೦ ಗ್ರಾಮಿನಷ್ಟು ತೆಳ್ಳಗೆ ಕರಗಿಸಿ, ಮಲ್ಲುಬಟ್ಟೆಯಲ್ಲಿ ಸುತ್ತಿದ ಹತ್ತಿಯುಂಡೆಗೆ ಅದನ್ನು ಉಣಿಸಿ, ಉಂಡೆಯ ತಳಕ್ಕೆ ಒಂದು ತೊಟ್ಟು ಎಣ್ಣೆಯನ್ನು ಸೋಕಿಸಿ, ಸುತ್ತುಸುತ್ತಾಗಿ, ಎಲ್ಲಿಯೂ ನಿಲ್ಲದೆ ಒರಸು ಕೊಡುತ್ತ ಹೋಗಬೇಕು. ಉಂಡೆ ಒಂದು ಕ್ಷಣ ನಿಂತರೂ ಕೆಳಗಿನ ಪದರ ಕರಗಿ ಕಲೆಯಾಗುತ್ತದೆ. ಇದಕ್ಕೆ ಮುನ್ನ ಉಪ್ಪುಕಾಗದದ ಕೆಲಸ: ೧೮೦, ೨೪೦, ೩೨೦, ಹೀಗೆ ಒಂದಕ್ಕಿಂತ ಒಂದು ನಯವಾದುದರಿಂದ, ಬೀಟೆಯ ನಾರಿನ ನೇರಕ್ಕೇ. ಅಡ್ಡಕ್ಕೆ ಉಜ್ಜಿದ ಗೀರು ಬರಿಯ ಮರದಲ್ಲಿ ಕಾಣುವುದಿಲ್ಲ. ಅರಗು ಬಿದ್ದೊಡನೆ, ಬಚ್ಚಿಟ್ಟ ತಪ್ಪೆಲ್ಲವನ್ನೂ ಅದು ಎತ್ತಿ ತೋರಿಸುತ್ತದೆ.

ನಾನು ಆತುರಪಟ್ಟದ್ದು ಇಲ್ಲಿಯೇ. ಆಷಾಢದ ಜಿನುಗುಮಳೆ ಹಿಡಿದಿತ್ತು. ಹದಿನೈದು ದಿನ ತಡೆಯಿರಿ, ಬಿಸಿಲು ಬರಲಿ ಎಂದು ಆಚಾರ್ರು ಹೇಳಿಹೋಗಿದ್ದರು. ಅವರಿಲ್ಲದ ಒಂದು ಮಧ್ಯಾಹ್ನ ನಡುವಿನ ಪೆಟ್ಟಿಗೆಗೆ ನಾನೇ ಮೂರು ಒರಸು ಕೊಟ್ಟೆ. ಸಂಜೆಯ ಹೊತ್ತಿಗೆ ಬೀಟೆಯ ಕೆನ್ನೀಲಿಯ ಮೇಲೆ ಹಾಲು ಚೆಲ್ಲಿದಂತೆ ಒಂದು ಬಿಳಿಯ ಮಸುಕು ಕವಿದುಕೊಂಡಿತು. ಸ್ಪಿರಿಟ್ಟು ಆರುವಾಗ ಮೇಲ್ಮೈ ತಣ್ಣಗಾಗಿ, ತೇವದ ಗಾಳಿಯ ನೀರು ಅದರ ಮೇಲೆ ಕೂತು ಅರಗಿನೊಳಗೆ ಸೆರೆಯಾಗುತ್ತದೆ. ಮರುದಿನ ಬಂದು ನೋಡಿದ ಆಚಾರ್ರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಪೆಟ್ಟಿಗೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, ಉಳಿದವುಗಳ ಮೇಲೆ ಹಳೆಯ ಪಂಚೆಯೊಂದನ್ನು ಹೊದಿಸಿ, “ಗೌರಿಹಬ್ಬ ಕಳೀಲಿ ಸ್ವಾಮಿ” ಎಂದರು. ಬಿಸಿಲು ಬಂದ ಮೇಲೆ ಬರಿಯ ಸ್ಪಿರಿಟ್ಟಿನ ಉಂಡೆಯಿಂದ ಆ ಮಸುಕನ್ನು ಎಬ್ಬಿಸಿ, ಹೊಸದಾಗಿ ಹನ್ನೆರಡು ಒರಸು ಕೊಟ್ಟೆವು. ಅರಗಿನ ಇನ್ನೊಂದು ದೌರ್ಬಲ್ಯವೆಂದರೆ ಬಿಸಿ. ಅದರ ಮೇಲೆ ಬಿಸಿ ಕಾಫಿಯ ಲೋಟವನ್ನು ಇಡಕೂಡದೆಂದು ಮನೆಯವರಿಗೆಲ್ಲ ಹೇಳಿದ್ದೇನೆ. ಹಾಗೆ ಬಿದ್ದ ಒಂದು ಬಿಳಿಯ ಬಳೆ ಎಡಗಡೆಯ ಪೆಟ್ಟಿಗೆಯ ಮೇಲಿದೆ; ಮೊಮ್ಮಗಳದು. ಅದನ್ನು ಅಳಿಸುವುದು ಸುಲಭ, ನಾನು ಅಳಿಸಿಲ್ಲ.

ನವರಾತ್ರಿಯ ಮೂರನೆಯ ದಿನ ಎಲ್ಲವನ್ನೂ ಜೋಡಿಸಿ, ಮೊದಲು ಚಲಚ್ಚಿತ್ರವನ್ನು ಹಾಕದೆ, ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಒಂದು ಹಳೆಯ ಧ್ವನಿಮುದ್ರಣವನ್ನು ಹಾಕಿದೆ. ಆಚಾರ್ರು ಕುರ್ಚಿಯಲ್ಲಿ ಕೂರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಮಂಡಿಯೂರಿ, ಹಲಗೆಯ ಮೇಲೆ ಅಂಗೈಯನ್ನು ಪೂರ್ತಿಯಾಗಿ ಇಟ್ಟು, ಕಣ್ಣುಮುಚ್ಚಿದರು. ಮಂದ್ರದ ತಂತಿ ನುಡಿದಾಗ ಅಂಗೈಯನ್ನು ಮೇಲಕ್ಕೆ ಸರಿಸಿದರು, ಕೆಳಕ್ಕೆ ಸರಿಸಿದರು, ಬೆನ್ನಿನ ಹಲಗೆಯನ್ನೂ ಮುಟ್ಟಿ ನೋಡಿದರು. “ಕೈಗೆ ಏನೂ ತಾಗ್ತಿಲ್ಲ” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಕೈಯನ್ನು ಅಲ್ಲಿಂದ ತೆಗೆಯದೆಯೇ, “ಮೇಲ್ಹಲಗೆ ಬಹಳ ತೆಳುವಾಗಿ ಕೆತ್ತಿದಾರೆ ಸ್ವಾಮಿ, ಹಳೇ ಹಲಸು” ಎಂದರು. ಅವರು ಹೇಳುತ್ತಿದ್ದುದು ನಮ್ಮ ಪೆಟ್ಟಿಗೆಯ ವಿಷಯವಾಗಿ ಅಲ್ಲ, ವೀಣೆಯ ವಿಷಯವಾಗಿ ಎಂಬುದು ನನಗೆ ಒಂದು ಕ್ಷಣದ ಅನಂತರ ಹೊಳೆಯಿತು.

ಹಿಂದಿನ ಎರಡು ಪೆಟ್ಟಿಗೆಗಳಿಗೆ ಇನ್ನೂ ಮೆರುಗಾಗಿಲ್ಲ. ಹಿಂಗಾರಿನ ಮಳೆ ಈಗ ದಿನವೂ ಸಂಜೆ ಬರುತ್ತಿದೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಬರುವೆನೆಂದು ಹೇಳಿ ಆಚಾರ್ರು ಹತ್ತಿಯುಂಡೆಯನ್ನು ಒಂದು ಗಾಜಿನ ಶೀಷೆಯಲ್ಲಿ ಹಾಕಿ, ಮುಚ್ಚಳವನ್ನು ಬಿಗಿದು, ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾರೆ.